ಮೂರು ಕೆಜಿ ಮೆಷಿನ್, ನೂರೆಪ್ಪತ್ತೈದು ಕೆಜಿ ಎಳೆತ

ಸಕಲೇಶಪುರ, ಆಲೂರು ಕಡೆಯ ತೋಟಗಳಿಂದ ಹಾಸನಕ್ಕೆ ಬರುವ ಗಾಡಿಗಳನ್ನು ಗೀರು ನೋಡಿಯೇ ಗುರುತಿಸಬಹುದು. ಬಾನೆಟ್ಟು, ಟಾಪು ಅಷ್ಟೇನೂ ಕೆಟ್ಟಿರುವುದಿಲ್ಲ. ಎರಡೂ ಪಕ್ಕದ ಡೋರುಗಳಲ್ಲಿ, ಹ್ಯಾಂಡಲ್‌ನಿಂದ ಕೆಳಗೆ, ಕಾಫಿ ಗಿಡದ ಕೊಂಬೆಯೋ ಲಂಟಾನವೋ ಉದ್ದಕ್ಕೆ ಎಳೆದ ಸಣ್ಣ ಗೆರೆಗಳಿರುತ್ತವೆ. ಆಯುಧ ಪೂಜೆ ಹತ್ತಿರ ಬಂದಾಗ ಇಂಥ ಗಾಡಿಗಳೆಲ್ಲ ರಬ್ಬಿಂಗ್ ಪಾಲಿಷ್‌ಗೆ ಸಾಲುಗಟ್ಟುತ್ತವೆ. ಪಾಲಿಷ್ ಮಾಡುವವನ ದುರದೃಷ್ಟವೆಂದರೆ ಹೆಚ್ಚು ಕೆಲಸ ಬೇಡುವ ಆ ಜಾಗವೇ ಅವನ ಸೊಂಟಕ್ಕೆ ಎಲ್ಲಕ್ಕಿಂತ ಕೆಟ್ಟ ಜಾಗ.

‘ಮಿಷಿನ್ ಏನ್ ಭಾರ ಇಲ್ಲಣ್ಣ, ಆದ್ರೂ ಎರಡು ಡೋರ್ ಮುಗಿಸೋ ಹೊತ್ಗೆ ಸೊಂಟ ಹಿಡ್ಕಂಡ್‌ಬಿಡುತ್ತೆ’ ಎಂದು ಬಿ.ಎಂ. ರಸ್ತೆಯ ಹುಡುಗನೊಬ್ಬ ಹೇಳಿದ. ಸರಿಯಾಗಿಯೇ ಹೇಳಿದ. ಪ್ಯಾಡ್ ತಿರುಗಿಸಿ ಗೀರು ಉಜ್ಜಿ ತೆಗೆಯುವ ಬಫಿಂಗ್ ಮೆಷಿನ್ನಿನ ತೂಕ ಎರಡೂವರೆ, ಮೂರು ಕೆಜಿ. ಬೆನ್ನು ಹೊರುತ್ತಿರುವುದು ಅದನ್ನಲ್ಲ, ಅವನದೇ ಮೈಯನ್ನು.

ಸ್ವಲ್ಪ ಲೆಕ್ಕ ಹಾಕೋಣ. 70 ಕೆಜಿ ತೂಗುವವನಿಗೆ ಸೊಂಟದಿಂದ ಮೇಲಿನ ಭಾಗ ಸುಮಾರು 35 ಕೆಜಿ. ಅವನು ಬಾನೆಟ್ಟಿನ ನಡುವಿಗೆ ಕೈ ಚಾಚಿ ಬಗ್ಗಿದಾಗ ಆ ಭಾರದ ಕೇಂದ್ರ ಬೆನ್ನುಮೂಳೆಗಿಂತ 25 ಸೆಂಟಿಮೀಟರ್ ಮುಂದಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ಅವನು ಮುಗ್ಗರಿಸದಂತೆ ಹಿಂದಿನಿಂದ ಎಳೆದು ಹಿಡಿಯುವ ಸ್ನಾಯುಗಳಾದರೋ ಬೆನ್ನುಮೂಳೆಯಿಂದ ಬರೀ ಐದು ಸೆಂಟಿಮೀಟರ್ ಆಚೆಗಿವೆ. 35ನ್ನು 25ರಿಂದ ಗುಣಿಸಿ 5ರಿಂದ ಭಾಗಿಸಿದರೆ 175. ಅಷ್ಟು ಕೆಜಿ ಎಳೆತವನ್ನು ಆ ಸ್ನಾಯುಗಳು ಬಿಡದೆ ಕೊಡುತ್ತಿರಬೇಕು. ಅದೇ 25 ಸೆಂಟಿಮೀಟರನ್ನು 10ಕ್ಕೆ ಇಳಿಸಿದರೆ ಎಳೆತ 70 ಕೆಜಿಗೆ ಬರುತ್ತದೆ. ಬಾನೆಟ್ಟಿನ ಮೇಲೆ ಮೆಷಿನ್ನಿನ ಭಾರವನ್ನು ಗಾಡಿಯೇ ಹೊರುತ್ತದೆ. ಡೋರಿನಲ್ಲಿ ಅದೂ ಕೈಗೆ ಬೀಳುತ್ತದೆ. ಮೂರು ಕೆಜಿಯನ್ನು ಅರ್ಧ ಮೀಟರ್ ಮುಂದೆ ಹಿಡಿದರೆ ಬೆನ್ನಿಗೆ ಇನ್ನೂ 30 ಕೆಜಿ ಸೇರಿತು.

ಈ ಎಳೆತವೆಲ್ಲ ಬೆನ್ನುಮೂಳೆಯ ಮಣಿಗಳ, ಅಂದರೆ ಕಶೇರುಗಳ, ನಡುವೆ ಮೆತ್ತೆಯಂತಿರುವ ಡಿಸ್ಕುಗಳನ್ನು ಅದುಮುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಚೆಮ್ಸನ್ ಜೀವಂತ ಮನುಷ್ಯರ ಡಿಸ್ಕಿಗೆ ಸೂಜಿ ಹಾಕಿ ಒತ್ತಡ ಅಳೆದರು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತವರ ಸಂಗಡಿಗರು ಸ್ವಯಂಸೇವಕನೊಬ್ಬನ ಡಿಸ್ಕಿನೊಳಗೆ ಪುಟ್ಟ ಸಂವೇದಕವನ್ನೇ ಕೂರಿಸಿದರು. ಅವನು ನಿಂತಾಗ 0.5 ಮೆಗಾಪ್ಯಾಸ್ಕಲ್, ಮುಂದಕ್ಕೆ ಬಗ್ಗಿದಾಗ 1.1. ಟೈರಿಗೆ ಗಾಳಿ ಹಾಕಿಸುವಾಗ ‘ಮೂವತ್ತೆರಡು’ ಅನ್ನುತ್ತೇವಲ್ಲ, ಅದೇ ಲೆಕ್ಕದಲ್ಲಿ ನಿಂತವನ ಡಿಸ್ಕಿನಲ್ಲಿ 72, ಬಗ್ಗಿದವನ ಡಿಸ್ಕಿನಲ್ಲಿ 160. ಬೆನ್ನು ಗೂನು ಮಾಡಿ 20 ಕೆಜಿ ಎತ್ತಿದಾಗ 2.3 ಮೆಗಾಪ್ಯಾಸ್ಕಲ್‌ಗೆ ಏರಿತು. ಒತ್ತಡವೇ ನೋವು ಎಂದೇನಲ್ಲ. ನಾಟಿ ಮಾಡುವವರು ಇದನ್ನು ದಿನವಿಡೀ ತಡೆದುಕೊಳ್ಳುತ್ತಾರೆ. ಆದರೆ ಪಾಲಿಷಿನಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ.

ಅದು ನಿಧಾನ. ಗಾಡಿಯ ಬಣ್ಣದ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ತೆಳು. ಅದರಲ್ಲಿ ಕೆಲವೇ ಮೈಕ್ರಾನನ್ನು ಸಮನಾಗಿ ಸವೆಸಬೇಕಾದರೆ ಪ್ಯಾಡನ್ನು ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರಿನಂತೆ ತಳ್ಳಬೇಕು, ಅಲುಗಬಾರದು. ಎರಡಡಿ ಚೌಕ ಮುಗಿಯುವ ತನಕ ಬಗ್ಗಿದವನು ಬಗ್ಗಿಯೇ ಇರುತ್ತಾನೆ. ಒಳ್ಳೆಯ ಕೆಲಸಗಾರನಿಗೇ ಸೊಂಟ ಬೇಗ ಹಿಡಿಯುವುದು ಹೀಗೆ. ಬೇಕಾಬಿಟ್ಟಿ ಉಜ್ಜುವವನು ನಡುವೆ ನಾಲ್ಕು ಸಲ ಎದ್ದಿರುತ್ತಾನೆ. ಬಿಗಿದು ನಿಂತ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಚುಕುತ್ತದೆ. ರಕ್ತ ಸರಿಯಾಗಿ ಬರುವುದಿಲ್ಲ, ತ್ಯಾಜ್ಯ ಹೋಗುವುದಿಲ್ಲ, ಉರಿ ಶುರುವಾಗುತ್ತದೆ.

ಡೋರಿನ ಅಡಿಯ ಪಟ್ಟಿಗೆ ಬಂದಾಗ ಆಟವೇ ಬದಲು. ಪೂರ್ತಿ ಬಗ್ಗಿದಾಗ ಬೆನ್ನಿನ ಸ್ನಾಯುಗಳು ಕೆಲಸ ನಿಲ್ಲಿಸಿಬಿಡುತ್ತವೆ. 1950ರ ದಶಕದಲ್ಲಿ ಬ್ರಿಟನ್ನಿನ ಫ್ಲಾಯ್ಡ್ ಮತ್ತು ಸಿಲ್ವರ್ ಸ್ನಾಯುಗಳ ವಿದ್ಯುತ್ ಸಂಜ್ಞೆ ದಾಖಲಿಸಿ ಇದನ್ನು ತೋರಿಸಿದರು. ಹಾಗಾಗಿ ಅಲ್ಲಿ ಒಂದು ಬಗೆಯ ಆರಾಮ ಅನ್ನಿಸುತ್ತದೆ, ಅದನ್ನು ನಂಬಬೇಡಿ. ಭಾರವೆಲ್ಲ ಮೂಳೆಗಳನ್ನು ಕಟ್ಟಿಹಿಡಿದ ಅಸ್ಥಿರಜ್ಜುಗಳಿಗೆ ದಾಟಿರುತ್ತದೆ, ಅವು ಮೆಲ್ಲಗೆ ಹಿಗ್ಗುತ್ತಿರುತ್ತವೆ. ಎದ್ದ ಕೂಡಲೇ ಮೊದಲಿನಂತಾಗುವುದಿಲ್ಲ. ಇಪ್ಪತ್ತು ನಿಮಿಷ ಹಾಗಿದ್ದರೆ ಅರ್ಧ ಗಂಟೆಯ ಮೇಲೂ ಸಡಿಲ ಪೂರ್ತಿ ಹೋಗಿರುವುದಿಲ್ಲ. ಆ ಹೊತ್ತಿನಲ್ಲಿ ನೀರು ತುಂಬಿದ 20 ಲೀಟರ್ ಬಕೆಟ್ಟನ್ನು ಸರಕ್ಕನೆ ಎತ್ತುವುದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ಎರಡು ನಿಮಿಷ ಓಡಾಡಿ, ಕೈ ಸೊಂಟದ ಮೇಲಿಟ್ಟು ಹಿಂದಕ್ಕೆ ಬಾಗಿ, ಆಮೇಲೆ ಎತ್ತಿ.

ಬೆಳಗಿನ ಜಾವವೂ ಹಾಗೆಯೇ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಬೆಳಗ್ಗೆ ನಾವು ಸಂಜೆಗಿಂತ ಒಂದೂವರೆ ಸೆಂಟಿಮೀಟರಿನಷ್ಟು ಎತ್ತರ. ಉಬ್ಬಿದ ಡಿಸ್ಕು ಬಗ್ಗಿಸಲು ಬಿರುಸು. ಎದ್ದ ಮೊದಲ ತಾಸಿನಲ್ಲಿ ಡೋರಿನ ಅಡಿಗೆ ಕೈ ಹಾಕದೆ ಕಿಟಕಿಗಳ ನಡುವಿನ ಕಂಬ, ಟಾಪಿನ ಅಂಚು ಇಂಥವನ್ನು ಮುಗಿಸಿಕೊಳ್ಳುವುದು ಜಾಣತನ.

ಟಾಪಿನ ನಡುಭಾಗಕ್ಕೆ ಕಾಲ್ಬೆರಳ ಮೇಲೆ ನಿಂತು ಚಾಚಬೇಡಿ, ಅಲುಗದ ಗಟ್ಟಿ ಸ್ಟೂಲ್ ಹಾಕಿಕೊಳ್ಳಿ. ಬಾನೆಟ್ಟಿಗೆ ಒಂದು ಕಾಲು ಮುಂದಿಟ್ಟು, ನಡುವೆ ದಪ್ಪ ಟವೆಲ್ ಹಾಕಿ ತೊಡೆಯನ್ನು ಫೆಂಡರಿಗೆ ಆನಿಸಿ, ಬೆನ್ನನ್ನಲ್ಲ, ತೊಡೆ ಸೇರುವ ಸೊಂಟದ ಕೀಲನ್ನು ಮಡಚಿ. ಬೆಲ್ಟಿನ ಬಕಲ್ ಮುಚ್ಚಿರಲಿ, ಇಲ್ಲದಿದ್ದರೆ ಒಂದು ಗೀರು ತೆಗೆಯಲು ಹೋಗಿ ಇನ್ನೊಂದು ಎಳೆದಂತಾದೀತು. ಡೋರಿಗೆ ಗೋಣಿಚೀಲ ಮಡಚಿ ಹಾಕಿ ಒಂದು ಮಂಡಿ ಊರಿ, ಇಲ್ಲವೇ ಚಕ್ರದ ಸ್ಟೂಲ್ ಮೇಲೆ ಕೂರಿ. ಕೂತರೆ ಒತ್ತಡ ಹೆಚ್ಚು ಎಂದು ನಾಚೆಮ್ಸನ್ ಬರೆದಿದ್ದರು. ವಿಲ್ಕೆ ಅಳತೆಯಲ್ಲಿ ಕೂತಾಗಲೂ ನಿಂತಾಗಲೂ ಹೆಚ್ಚುಕಡಿಮೆ ಒಂದೇ. ಏನಿದ್ದರೂ ಬಗ್ಗುವುದಕ್ಕಿಂತ ವಾಸಿ.

ಮೈಭಾರ ಹಾಕಿ ಒತ್ತಿದರೆ ಬೇಗ ಮುಗಿಯುತ್ತದೆ ಎಂಬ ನಂಬಿಕೆಯೂ ಇದೆ. ಈಗ ಹೆಚ್ಚು ಕಡೆ ಇರುವ, ಪ್ಯಾಡು ತಿರುಗುತ್ತಲೇ ನಡುಗುವ ಡ್ಯುಯಲ್ ಆಕ್ಷನ್ ಮೆಷಿನ್ನಿನಲ್ಲಿ ಫಲ ಉಲ್ಟಾ: ಜಾಸ್ತಿ ಒತ್ತಿದರೆ ಪ್ಯಾಡು ತಿರುಗುವುದನ್ನೇ ಬಿಟ್ಟು ಬರೀ ನಡುಗುತ್ತದೆ. ಪ್ಯಾಡ್ ಕೂರುವ ತಟ್ಟೆಯ ಅಂಚಿಗೆ ಮಾರ್ಕರಿನಲ್ಲಿ ಒಂದು ಗೆರೆ ಹಾಕಿ. ಗೆರೆ ಸುತ್ತುವುದು ಕಾಣುತ್ತಿದ್ದರೆ ಒತ್ತಡ ಸಾಕು.

ಸೊಂಟದ ಬೆಲ್ಟ್ ಕಟ್ಟಿಕೊಂಡರೆ ಆಗದೇ? ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ 1994ರಲ್ಲೇ ಇದನ್ನು ಪರಿಶೀಲಿಸಿ, ಗಟ್ಟಿಮುಟ್ಟಾದ ಕೆಲಸಗಾರರಿಗೆ ಬೆಲ್ಟಿನಿಂದ ರಕ್ಷಣೆ ಸಿಗುತ್ತದೆ ಎನ್ನಲು ಆಧಾರವಿಲ್ಲ ಎಂದಿತು. ನೋವು ಮಂಡಿಯಿಂದ ಕೆಳಕ್ಕಿಳಿದರೆ, ಪಾದ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಬೆಲ್ಟು, ಎಣ್ಣೆ ಎಲ್ಲ ಬಿಟ್ಟು ಡಾಕ್ಟರ ಹತ್ತಿರ ಓಡಬೇಕು.

ನಿಜವಾದ ಪರಿಹಾರ ಅನೇಕ ಅಂಗಡಿಗಳ ಅಂಗಳದಲ್ಲೇ ಇದೆ: ವಾಟರ್ ಸರ್ವಿಸ್ ಲಿಫ್ಟ್. ಗಾಡಿಯನ್ನು ಎರಡಡಿ ಎತ್ತಿ ಲಾಕ್ ಮಾಡಿದರೆ ಡೋರಿನ ಅಡಿಭಾಗ ನಿಂತವನ ಮೊಣಕೈ ಮಟ್ಟಕ್ಕೆ ಬರುತ್ತದೆ. ಆದರೆ ಹಬ್ಬದ ವಾರದಲ್ಲಿ ಲಿಫ್ಟ್ ತೊಳೆಯುವವರ ಪಾಲು, ಪಾಲಿಷ್ ಹುಡುಗ ಸಿಮೆಂಟ್ ನೆಲದ ಪಾಲು. ತೊಳೆದ ಗಾಡಿಯನ್ನು ಇಳಿಸುವ ಮೊದಲೇ ಒರೆಸಿ, ಮೆಷಿನ್ನಿಗೆ ನೀರಿನಿಂದ ದೂರದ ಒಣ ಪ್ಲಗ್ಗಿನ ಕರೆಂಟ್ ಕೊಟ್ಟು, ಎರಡೂ ಪಕ್ಕದ ಕೆಳಭಾಗವನ್ನಷ್ಟೇ ಅಲ್ಲೇ ಮುಗಿಸಿಕೊಳ್ಳಲು ಮಾಲೀಕರು ಬಿಟ್ಟರೆ ಸಾಕು. ಬಾನೆಟ್ಟು, ಟಾಪು ನೆಲದ ಮೇಲೆ ಆಗುತ್ತದೆ.