ಕರೆಂಟ್ ಬಂದ ಮೇಲೆ ತಾನೇ ಏಳುವ ಪ್ರೋಗ್ರಾಂ: ಕಾಟಾದ ಕಂಪ್ಯೂಟರ್ ಕಲಿಸಿದ್ದು

ಗಂಗಾವತಿಯಲ್ಲಿ ಭತ್ತದ ಕೊಯ್ಲು ಶುರುವಾದರೆ ಮಿಲ್ಲಿನ ಕಾಟಾದ, ಅಂದರೆ ತೂಕದ ಯಂತ್ರದ, ಮುಂದೆ ಟ್ರ್ಯಾಕ್ಟರ್ ಸಾಲು ಕರಗುವುದೇ ಇಲ್ಲ. ಅಂಥ ಒಂದು ಮಿಲ್ಲಿಗೆ ನಾನು ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಸೀರಿಯಲ್ ಕೇಬಲ್‌ನಲ್ಲಿ ಬರುವ ತೂಕ ಓದಿ ಫೈಲಿಗೆ ಬರೆಯುವುದು, ಅಷ್ಟೇ ಅದರ ಕೆಲಸ. ಪರದೆಯ ಮೇಲೆ ಏನೂ ಕಾಣುವುದಿಲ್ಲ. ಒಂದು ಸಂಜೆ ಕರೆಂಟ್ ಹೋಗಿ ಬಂತು. ಗುಮಾಸ್ತರ ಫೋನ್: "ತಮ್ಮಾ, ಕಂಪ್ಯೂಟರ್ ಚಾಲೂ ಐತಿ, ತೂಕ ಯಾಕ ಬರವಲ್ದು?"

ತಪ್ಪು ನನ್ನದೇ. ಪ್ರೋಗ್ರಾಂನ ಶಾರ್ಟ್‌ಕಟ್ಟನ್ನು ವಿಂಡೋಸ್‌ನ ಸ್ಟಾರ್ಟ್‌ಅಪ್ ಫೋಲ್ಡರಿಗೆ ಹಾಕಿ ಬಂದಿದ್ದೆ. ಅಲ್ಲಿಟ್ಟದ್ದು ಕಂಪ್ಯೂಟರ್ ಜೊತೆ ಶುರುವಾಗುವುದಿಲ್ಲ. ಯಾರಾದರೂ ಲಾಗಿನ್ ಆದ ಮೇಲೆ ಶುರುವಾಗುತ್ತದೆ. ಅವತ್ತು ಕಂಪ್ಯೂಟರ್ ಪಾಸ್‌ವರ್ಡ್ ಕೇಳುತ್ತಾ ಸುಮ್ನೆ ನಿಂತಿತ್ತು. ನುಡಿಯಂಥ ಟೈಪಿಂಗ್ ತಂತ್ರಾಂಶಕ್ಕೆ ಆ ಫೋಲ್ಡರ್ ಸಾಕು. ಕೀಬೋರ್ಡ್ ಮುಂದೆ ಮನುಷ್ಯನೇ ಇಲ್ಲದಾಗ ನುಡಿ ಯಾರಿಗೆ ಬೇಕು? ಆದರೆ ಕಾಟಾಕ್ಕೆ ಮನುಷ್ಯ ಬರುವ ತನಕ ಕಾಯಲು ಆಗುವುದಿಲ್ಲ. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ್ದು ಇದು: ನನ್ನ ಪ್ರೋಗ್ರಾಂ ಏಳಬೇಕಾದ್ದು ಯಂತ್ರ ಎದ್ದಾಗಲೋ, ಮನುಷ್ಯ ಬಂದಾಗಲೋ?

ಯಂತ್ರ ಎದ್ದಾಗ ಅನ್ನುವುದಾದರೆ, ಹೇಳಿದ ಹೊತ್ತಿಗೆ ಪ್ರೋಗ್ರಾಂ ಓಡಿಸಲು ವಿಂಡೋಸ್‌ನಲ್ಲೇ ಇರುವ ಟಾಸ್ಕ್ ಶೆಡ್ಯೂಲರ್ ಬಳಸಿ. ಹೊಸ ಟಾಸ್ಕ್ ಮಾಡಿ, ಯಾವಾಗ ಓಡಬೇಕು ಅಂತ ಹೇಳುವ ಟ್ರಿಗರ್‌ನಲ್ಲಿ 'ಅಟ್ ಸ್ಟಾರ್ಟ್‌ಅಪ್' ಆರಿಸಿ. ಯಾರೂ ಲಾಗಿನ್ ಆಗದಿದ್ದರೂ ಓಡಲಿ ಅನ್ನುವ ಆಯ್ಕೆ ಜನರಲ್ ಟ್ಯಾಬಿನಲ್ಲಿದೆ, ಅದನ್ನೂ ಒತ್ತಿ. ನಿಮ್ಮ ಅಕೌಂಟ್ ಹೆಸರಿನಲ್ಲಿ ಟಾಸ್ಕ್ ಮಾಡಿದರೆ ಅದು ಪಾಸ್‌ವರ್ಡ್ ಕೇಳಿ ಇಟ್ಟುಕೊಳ್ಳುತ್ತದೆ. ಮುಂದೆ ಪಾಸ್‌ವರ್ಡ್ ಬದಲಿಸಿದರೆ ಇಲ್ಲೂ ಬದಲಿಸಬೇಕು. ಇಲ್ಲದಿದ್ದರೆ ಟಾಸ್ಕ್ ಓಡುವುದಿಲ್ಲ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಎರಡನೇ ಸಲ ಕೈಕೊಟ್ಟದ್ದು ಇನ್ನೂ ವಿಚಿತ್ರ. ಕರೆಂಟ್ ಪಟ್ಟಂತ ಹೋದ ದಿನ ಪ್ರೋಗ್ರಾಂ ತಾನೇ ಏಳುತ್ತಿತ್ತು. ಗುಮಾಸ್ತರು ರಾತ್ರಿ ನೆಟ್ಟಗೆ ಶಟ್‌ಡೌನ್ ಮಾಡಿ ಹೋದರೆ ಮಾತ್ರ ಮರುದಿನ ಏಳುತ್ತಿರಲಿಲ್ಲ! ಸರಿಯಾಗಿ ನಡೆದುಕೊಂಡವರಿಗೇ ಶಿಕ್ಷೆ. ಕಾರಣ ಫಾಸ್ಟ್ ಸ್ಟಾರ್ಟ್‌ಅಪ್, ವಿಂಡೋಸ್ 8ರಿಂದ ಬಂದದ್ದು. ಇದು ಆನ್ ಇದ್ದಾಗ ಶಟ್‌ಡೌನ್ ಒತ್ತಿದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ನಿಮ್ಮನ್ನು ಲಾಗ್‌ಔಟ್ ಮಾಡಿ, ಒಳಗಿನ ಕರ್ನಲ್ (ವಿಂಡೋಸ್‌ನ ತಿರುಳು) ಇದ್ದ ಸ್ಥಿತಿಯನ್ನು ಹಾಗೇ ಡಿಸ್ಕಿಗೆ ಬರೆದು ಮಲಗುತ್ತದೆ. ಮರುದಿನ ಅದನ್ನೇ ಎತ್ತಿಕೊಂಡು ಮುಂದುವರಿಯುತ್ತದೆ. ಅದರ ಲೆಕ್ಕದಲ್ಲಿ ಅದು ಹೊಸ ಸ್ಟಾರ್ಟ್‌ಅಪ್ಪೇ ಅಲ್ಲ, ಹಾಗಾಗಿ ನಮ್ಮ ಟ್ರಿಗರ್ ಹಾರುವುದಿಲ್ಲ. ಕರೆಂಟ್ ಹೋದಾಗ ಹೀಗೆ ಬರೆದಿಡಲು ಸಮಯವೇ ಸಿಗುವುದಿಲ್ಲ. ಆಗ ಮೊದಲಿನಿಂದ ಶುರುವಾಗಲೇಬೇಕು, ಟ್ರಿಗರ್ ಕೆಲಸ ಮಾಡುತ್ತದೆ. ರೀಸ್ಟಾರ್ಟ್ ಒತ್ತಿದರೂ ಹೊಸದಾಗೇ ಶುರುವಾಗುತ್ತದೆ. ನಾನು ಬರೀ ರೀಸ್ಟಾರ್ಟ್ ಮಾಡಿ ಪರೀಕ್ಷಿಸುತ್ತಿದ್ದೆ, ಹಾಗಾಗಿ ಈ ರೋಗ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿದೆ. ಕಂಪ್ಯೂಟರ್ ಏಳಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ, ಹಿಡಿಯಲಿ ಬಿಡಿ.

ಟಾಸ್ಕ್ ಶೆಡ್ಯೂಲರ್ ತಾನಾಗಿ ಟಿಕ್ ಹಾಕಿಟ್ಟಿರುವ ಎರಡು ಆಯ್ಕೆಗಳನ್ನೂ ನೋಡಿ. ಟಾಸ್ಕ್ 3 ದಿನಕ್ಕಿಂತ ಜಾಸ್ತಿ ಓಡಿದರೆ ನಿಲ್ಲಿಸು ಅನ್ನುವುದು ಒಂದು. ಸೀಸನ್‌ನಲ್ಲಿ ಮಿಲ್ಲಿನ ಕಂಪ್ಯೂಟರ್ ವಾರಗಟ್ಟಲೆ ಆಫ್ ಆಗುವುದಿಲ್ಲ, ಅಲ್ವಾ? ಟಿಕ್ ತೆಗೆಯಿರಿ. ಕರೆಂಟಿನ ಮೇಲೆ ಇದ್ದಾಗ ಮಾತ್ರ ಶುರು ಮಾಡು, ಬ್ಯಾಟರಿಗೆ ಹೋದರೆ ನಿಲ್ಲಿಸು ಅನ್ನುವುದು ಇನ್ನೊಂದು. ಲ್ಯಾಪ್‌ಟಾಪ್ ಆದರೆ ಇದು ನೇರವಾಗಿ ಕಾಡುತ್ತದೆ. ಯುಪಿಎಸ್‌ಗೆ ಯುಎಸ್‌ಬಿ ಕೇಬಲ್ ಹಾಕಿದ್ದರೆ ಡೆಸ್ಕ್‌ಟಾಪ್ ಕೂಡ ಅದನ್ನು ಬ್ಯಾಟರಿ ಅಂತಲೇ ಎಣಿಸಬಹುದು. ಇದನ್ನೂ ತೆಗೆಯಿರಿ.

ಫೈಲಿನ ದಾರಿ ಪೂರ್ತಿ ಬರೆಯಿರಿ. ಬರೀ 'ತೂಕ ಡಾಟ್ ಟೆಕ್ಸ್ಟ್' ಅಂದರೆ ಪ್ರೋಗ್ರಾಂ ಅದನ್ನು ನಿಮ್ಮ ಫೋಲ್ಡರಿನಲ್ಲಿ ಹುಡುಕುವುದಿಲ್ಲ, ವಿಂಡೋಸ್‌ನದೇ ಆದ ಸಿಸ್ಟಮ್32 ಫೋಲ್ಡರಿನಲ್ಲಿ ಹುಡುಕುತ್ತದೆ. ಟಾಸ್ಕ್‌ನ 'ಸ್ಟಾರ್ಟ್ ಇನ್' ಜಾಗದಲ್ಲಿ ಫೋಲ್ಡರಿನ ಪೂರ್ತಿ ದಾರಿ ತುಂಬಿದರೂ ಆದೀತು. ಪ್ರಿಂಟ್ ಮಾಡಿದ ಸಾಲು ಎಲ್ಲೂ ಕಾಣುವುದಿಲ್ಲ, ಅದನ್ನೂ ಒಂದು ಲಾಗ್ ಫೈಲಿಗೆ (ನಡೆದದ್ದನ್ನು ಸಮಯದ ಜೊತೆ ದಾಖಲಿಸುವ ಫೈಲ್) ಬರೆಸಿ.

ಇನ್ನು ಕರೆಂಟ್ ಬಂದಾಗ ಕಂಪ್ಯೂಟರ್ ತಾನೇ ಆನ್ ಆಗುವುದು ವಿಂಡೋಸ್ ಕೈಯಲ್ಲಿಲ್ಲ. ಅದು ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಏಳುವ, ಮದರ್‌ಬೋರ್ಡಿನ ಸೆಟ್ಟಿಂಗ್) 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಅಥವಾ ಅದೇ ಅರ್ಥದ ಬೇರೆ ಹೆಸರಿನಲ್ಲಿ ಇರುತ್ತದೆ. ಪವರ್ ಆನ್ ಅಂತ ಇಡಿ.

ಮನೆಯಲ್ಲಿ ಉಬುಂಟು ಲಿನಕ್ಸ್‌ನ ಮೇಲೂ ಇದನ್ನೇ ಮಾಡಿದೆ. ಅಲ್ಲಿ 2015ರಿಂದ ಈ ಕೆಲಸ, ಯಂತ್ರ ಎದ್ದಾಗ ಉಳಿದ ಪ್ರೋಗ್ರಾಂಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯದು. ಒಂದು ಪುಟ್ಟ ಸರ್ವಿಸ್ ಫೈಲಿನಲ್ಲಿ ಏನನ್ನು ಓಡಿಸಬೇಕು, ಸತ್ತರೆ ಏನು ಮಾಡಬೇಕು, ಯಾವ ಹಂತದಲ್ಲಿ ಏಳಬೇಕು ಅಂತ ಬರೆದರೆ ಆಯಿತು. ಹೊಸಬರು ಎಡವುವುದು 'ಸ್ಟಾರ್ಟ್' ಮತ್ತು 'ಎನೇಬಲ್' ನಡುವೆ. ಸ್ಟಾರ್ಟ್ ಈಗ ಓಡಿಸುತ್ತದೆ, ಮುಂದಿನ ಸಲದ ಮಾತು ಆಡುವುದಿಲ್ಲ. ಎನೇಬಲ್ ಮುಂದಿನ ಬೂಟ್‌ಗೆ ಹೆಸರು ಬರೆಸುತ್ತದೆ, ಈಗ ಓಡಿಸುವುದಿಲ್ಲ. ಎರಡೂ ಬೇಕು.

ಸತ್ತರೆ ಮತ್ತೆ ಎಬ್ಬಿಸು ಅಂತ ಬರೆದಿದ್ದರೂ ನನ್ನ ಸರ್ವಿಸ್ ಮಲಗಿತ್ತು. ಕೇಬಲ್ ಸಿಕ್ಕಿಸುವುದು ತಡವಾಗಿ, ಪ್ರೋಗ್ರಾಂ ಶುರುವಾದ ಕೂಡಲೇ ಸಾಯುತ್ತಿತ್ತು. ಸಿಸ್ಟಮ್‌ಡಿ ಸೆಕೆಂಡಿನ ಹತ್ತನೇ ಒಂದು ಭಾಗ ಕಾದು ಮತ್ತೆ ಎಬ್ಬಿಸುತ್ತದೆ. 10 ಸೆಕೆಂಡಿನೊಳಗೆ 5 ಸಲ ಶುರುವಾಗಿಯೂ ಬದುಕಿ ಉಳಿಯದಿದ್ದರೆ ಕೈಚೆಲ್ಲುತ್ತದೆ. ಮತ್ತೆ ಎಬ್ಬಿಸುವ ಮೊದಲು ಕಾಯುವ ಹೊತ್ತನ್ನು, ಅಂದರೆ 'ರೀಸ್ಟಾರ್ಟ್ ಸೆಕ್' ಅನ್ನುವುದನ್ನು, 5 ಸೆಕೆಂಡ್ ಮಾಡಿದೆ, ತೊಂದರೆ ಹೋಯಿತು. ಸೀರಿಯಲ್ ಪೋರ್ಟ್ ಮುಟ್ಟಲು ಬಿಡದಿದ್ದರೆ ಪ್ರೋಗ್ರಾಂ ಓಡಿಸುವ ಯೂಸರನ್ನು 'ಡಯಲ್‌ಔಟ್' ಗುಂಪಿಗೆ ಸೇರಿಸಿ.

ಪರೀಕ್ಷೆ ಮೂರು ಥರ ಮಾಡಿ: ಒಮ್ಮೆ ರೀಸ್ಟಾರ್ಟ್, ಒಮ್ಮೆ ಶಟ್‌ಡೌನ್ ಮಾಡಿ ಆನ್, ಒಮ್ಮೆ ಬೋರ್ಡಿನ ಸ್ವಿಚ್ಚೇ ಆಫ್. ಮೂರನೆಯದನ್ನು ಕೆಲಸವಿಲ್ಲದ ಹೊತ್ತಿನಲ್ಲಿ, ಎಲ್ಲ ಫೈಲ್ ಮುಚ್ಚಿ ಮಾಡಿ. ಪ್ರತಿ ಸಲವೂ ಪಾಸ್‌ವರ್ಡ್ ಹಾಕದೆ ಹೊರಗೆ ಹೋಗಿ ಚಹಾ ಕುಡಿದು ಬನ್ನಿ. ಆಮೇಲೆ ಲಾಗಿನ್ ಆಗಿ ಲಾಗ್ ಫೈಲ್ ತೆರೆಯಿರಿ. ಹೊಸ ಸಾಲಿನ ಸಮಯ ನೀವು ಲಾಗಿನ್ ಆಗುವುದಕ್ಕಿಂತ ಮೊದಲಿನದಾಗಿರಬೇಕು.