ಹಾಸನದಲ್ಲೇ ಎಂಆರ್‌ಐ ಆಗಿದೆ, ಮತ್ತೊಂದು ಏಕೆ?

ಪ್ರಶ್ನೆ: ನಮ್ಮ ತಾಯಿಗೆ 58 ವರ್ಷ. ಎಡಗೈಯಲ್ಲಿ ಶಕ್ತಿ ಕುಂದುತ್ತಿದೆ ಎಂದು ಹಾಸನದಲ್ಲಿ ಎಂಆರ್‌ಐ ಮಾಡಿಸಿದಾಗ ಮೆದುಳಿನಲ್ಲಿ ಗಡ್ಡೆ ಕಂಡಿತು. ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಹೋದರೆ ಅಲ್ಲಿ ಇನ್ನೊಂದು ಎಂಆರ್‌ಐ ಬೇಕೆನ್ನುತ್ತಾರೆ. ಮೊದಲಿನದು ಸರಿಯಿಲ್ಲವೇ?
– ಸಕಲೇಶಪುರ ತಾಲ್ಲೂಕಿನ ಓದುಗರು

ಉತ್ತರ: ಮೊದಲಿನದು ತನ್ನ ಕೆಲಸ ಮಾಡಿದೆ. ಗಡ್ಡೆ ಇದೆಯೇ, ಎಲ್ಲಿದೆ ಎಂದು ತಿಳಿಸುವುದಷ್ಟೇ ಅದರ ಹೊಣೆ. ಶಸ್ತ್ರಚಿಕಿತ್ಸಕರಿಗೆ ಬೇಕಾದದ್ದು ಬೇರೆ: ಯಾವ ದಾರಿಯಲ್ಲಿ ಹೋದರೆ ಗಡ್ಡೆ ಸಿಗುತ್ತದೆ, ಕೈಯೂ ಉಳಿಯುತ್ತದೆ?

ಸಾಮಾನ್ಯ ಎಂಆರ್‌ಐಯಲ್ಲಿ ಮೆದುಳಿನ ಚಿತ್ರಗಳನ್ನು ಸುಮಾರು 5 ಮಿಲಿಮೀಟರ್ ದಪ್ಪದ ಪದರಗಳಾಗಿ, ನಡುವೆ ತುಸು ಅಂತರ ಬಿಟ್ಟು ತೆಗೆಯುವುದುಂಟು. ಶಸ್ತ್ರಚಿಕಿತ್ಸೆಯ ನಕ್ಷೆಗೆ ಅಂತರವೇ ಇಲ್ಲದ, ಸುಮಾರು 1 ಮಿಲಿಮೀಟರ್ ಪದರಗಳು ಬೇಕು. ನಿಮ್ಮ ತಾಯಿಯ ಎಡಗೈಯನ್ನು ಆಳುವುದು ಬಲ ಮೆದುಳು. ಆದ್ದರಿಂದ ಯಂತ್ರದೊಳಗೆ ಮಲಗಿಸಿ ಬೆರಳು ಆಡಿಸಲು ಹೇಳಬಹುದು. ಆಗ ಕೈಯನ್ನು ಆಡಿಸುವ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ, ಆ ಬದಲಾವಣೆಯನ್ನು ಯಂತ್ರ ಗುರುತಿಸುತ್ತದೆ. ಇದು ಫಂಕ್ಷನಲ್ ಎಂಆರ್‌ಐ. ಇನ್ನೊಂದು ವಿಧಾನ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ನೀರಿನ ಕಣಗಳು ನರತಂತುಗಳಿಗೆ ಅಡ್ಡಲಾಗಿ ಚಲಿಸುವುದಕ್ಕಿಂತ ಅವುಗಳ ಉದ್ದಕ್ಕೆ ಸುಲಭವಾಗಿ ಚಲಿಸುತ್ತವೆ. ಆ ಚಲನೆಯನ್ನೇ ಅಳೆದು, ಕೈಗೆ ಆಜ್ಞೆ ಒಯ್ಯುವ ತಂತುಗಳ ಕಟ್ಟು ಗಡ್ಡೆಯ ಯಾವ ಪಕ್ಕದಲ್ಲಿ ಹಾದುಹೋಗಿದೆ ಎಂಬುದನ್ನು ಬಣ್ಣದ ಎಳೆಗಳಾಗಿ ತೋರಿಸುತ್ತಾರೆ.

ಈ ಚಿತ್ರಗಳೆಲ್ಲ ಆಪರೇಷನ್ ಥಿಯೇಟರಿನ ನ್ಯಾವಿಗೇಷನ್ ಯಂತ್ರಕ್ಕೆ ಹೋಗುತ್ತವೆ. ವೈದ್ಯರ ಕೈಯಲ್ಲಿರುವ ಕಡ್ಡಿಯ ತುದಿ ಮೆದುಳಿನ ಯಾವ ಬಿಂದುವಿನಲ್ಲಿದೆ ಎಂದು ಕ್ಯಾಮೆರಾ ಹಿಂಬಾಲಿಸಿ ಪರದೆಯ ಮೇಲೆ ತೋರಿಸುತ್ತದೆ.

ಆದರೆ ಈ ನಕ್ಷೆಯನ್ನೇ ಪೂರ್ತಿ ನಂಬಿ ಕೂರುವಂತಿಲ್ಲ. ತಲೆಬುರುಡೆ ತೆರೆದು, ದ್ರವ ಹರಿದು, ಗಡ್ಡೆಯ ಒಂದಷ್ಟು ಭಾಗ ಹೊರಬಂದಂತೆ ಮೆದುಳು ಜಾಗ ಬದಲಿಸುತ್ತದೆ. ಕೆಲವೊಮ್ಮೆ ಒಂದು ಸೆಂಟಿಮೀಟರಿನಷ್ಟು. ಮಳೆಗಾಲದಲ್ಲಿ ಧರೆ ಕುಸಿದ ತೋಟದಲ್ಲಿ ಹಳೆಯ ಸರ್ವೆ ನಕ್ಷೆ ಹಿಡಿದು ಬಾಂದುಕಲ್ಲು ಹುಡುಕುವ ಕಷ್ಟ ನಿಮ್ಮ ಕಡೆಯವರಿಗೆ ಗೊತ್ತೇ ಇದೆ. ಅದಕ್ಕೇ ನಡುವೆ ಅಲ್ಟ್ರಾಸೌಂಡ್ ಹಿಡಿದು ನೋಡುತ್ತಾರೆ. ಕೆಲವು ಆಸ್ಪತ್ರೆಗಳಲ್ಲಿ ಥಿಯೇಟರಿನಲ್ಲೇ ಎಂಆರ್‌ಐ ಇರುತ್ತದೆ. ಬಾಸ್ಟನ್ನಿನಲ್ಲಿ ಇದು 1990ರ ದಶಕದಲ್ಲೇ ಆರಂಭವಾಯಿತು. ಅಗತ್ಯವಿದ್ದರೆ ರೋಗಿಯನ್ನು ಎಚ್ಚರವಿಟ್ಟು, ಕೈ ಆಡಿಸಲು ಹೇಳುತ್ತಲೇ ಗಡ್ಡೆ ತೆಗೆಯುವುದೂ ಉಂಟು.

ಎರಡನೇ ಸ್ಕ್ಯಾನ್ ದುಡ್ಡಿಗಾಗಿ ಎಂದು ಮೊದಲೇ ತೀರ್ಮಾನಿಸಬೇಡಿ. ಯಾವ ಹೆಚ್ಚುವರಿ ಚಿತ್ರ ಬೇಕು, ಏಕೆ ಬೇಕು ಎಂದು ನೇರವಾಗಿ ಕೇಳಿ. ಕೇಳುವುದು ನಿಮ್ಮ ಹಕ್ಕು. ಹಾಸನದ ಫಿಲ್ಮ್ ಜೊತೆ ಸಿ.ಡಿ.ಯನ್ನೂ ತಪ್ಪದೆ ಒಯ್ಯಿರಿ, ನ್ಯಾವಿಗೇಷನ್ ಯಂತ್ರ ಫಿಲ್ಮನ್ನು ಓದಲಾರದು. ಎಂಆರ್‌ಐಯಲ್ಲಿ ಎಕ್ಸ್‌ರೇ ವಿಕಿರಣವಿಲ್ಲ, ಆ ಭಯ ಬೇಡ. ಪೇಸ್‌ಮೇಕರ್ ಇದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ತಿಳಿಸಿ. ಸೂಚನೆಗಳನ್ನು ತಾಯಿಗೆ ಕನ್ನಡದಲ್ಲೇ ಹೇಳುವಂತೆ ವಿನಂತಿಸಿ. ತಲೆ ಅಲುಗಿಸದೆ ಬೆರಳಷ್ಟೇ ಆಡಿಸುವುದನ್ನು ಹಿಂದಿನ ರಾತ್ರಿ ಮನೆಯಲ್ಲಿ ಒಂದೆರಡು ಬಾರಿ ಅಭ್ಯಾಸ ಮಾಡಿಸಿ.