ಯೇಸುಸ್ವಾಮಿಯ ಯಾತನೆಯ ಸಿನೆಮಾವನ್ನು ಕ್ರೈಸ್ತರು ನೋಡಲೇಬೇಕೇ?

ಪ್ರಶ್ನೆ: ತಪಸ್ಸುಕಾಲದಲ್ಲಿ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ) ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಯಾರಾದರೊಬ್ಬರ ಮನೆಯಲ್ಲಿ ಯೇಸುಸ್ವಾಮಿಯ ಯಾತನೆಯ ಇಂಗ್ಲಿಷ್ ಸಿನೆಮಾ ಹಾಕುತ್ತಾರೆ. ಕಳೆದ ಸಲ ಕೊರಡೆಯೇಟಿನ ದೃಶ್ಯ ಬಂದಾಗ ನಮ್ಮ ಅತ್ತೆ ಎದ್ದು ಜಗಲಿಗೆ ಹೋದರು. ಮೂರನೇ ಕ್ಲಾಸಿನ ಮಗ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ‘ಸ್ವಾಮಿ ಅನುಭವಿಸಿದ್ದನ್ನು ನೋಡಲಿಕ್ಕೂ ಆಗುವುದಿಲ್ಲವೇ’ ಎಂದು ಕೆಲವರು ಆಡಿಕೊಂಡರು. ಇಂಥ ಸಿನೆಮಾ ನೋಡಬೇಕೇ, ಬೇಡವೇ? (ಬೇಳ ಸಮೀಪದ ಓದುಗರು)

ಉತ್ತರ: ಹಿರಿಯರು ನೋಡಬಹುದು. ಆದರೆ ನೋಡಲೇಬೇಕೆಂದು ಯಾರೂ ಯಾರಿಗೂ ವಿಧಿಸುವಂತಿಲ್ಲ. ಮೂರನೇ ಕ್ಲಾಸಿನ ಮಗುವನ್ನಂತೂ ಅದರ ಮುಂದೆ ಕೂರಿಸಲೇಬಾರದು.

ನೀವು ಹೇಳುತ್ತಿರುವುದು 2004ರಲ್ಲಿ ಬಂದ, ಮೆಲ್ ಗಿಬ್ಸನ್ ನಿರ್ದೇಶನದ ‘ದಿ ಪ್ಯಾಷನ್ ಆಫ್ ದಿ ಕ್ರೈಸ್ಟ್’ ಇರಬೇಕು. (ಅದರ ಸಂಭಾಷಣೆ ಇಂಗ್ಲಿಷಿನಲ್ಲಿಲ್ಲ, ಅರಮಾಯಿಕ್, ಹೀಬ್ರೂ, ಲ್ಯಾಟಿನ್ ಭಾಷೆಗಳಲ್ಲಿದೆ.) ಅಮೆರಿಕದಲ್ಲಿ ಅದಕ್ಕೆ ‘ಆರ್’ ದರ್ಜೆ ನೀಡಲಾಗಿತ್ತು, ಅಂದರೆ 17 ವರ್ಷ ತುಂಬದವರು ಹಿರಿಯರ ಜೊತೆಗಲ್ಲದೆ ಚಿತ್ರಮಂದಿರದೊಳಗೆ ಹೋಗುವಂತಿರಲಿಲ್ಲ. ಮರುವರ್ಷ ನಿರ್ದೇಶಕರೇ ಕೆಲವು ನಿಮಿಷಗಳ ಕ್ರೂರ ದೃಶ್ಯಗಳನ್ನು ಕತ್ತರಿಸಿ ಇನ್ನೊಂದು ಆವೃತ್ತಿಯನ್ನು ಬಿಡುಗಡೆ ಮಾಡಿದರು.

ಈಗ ಬೈಬಲಿನಲ್ಲಿ ಯೇಸುವಿನ ಜೀವನವನ್ನು ಹೇಳುವ ಶುಭಸಂದೇಶವನ್ನು ತೆರೆದು ನೋಡಿ. ರೋಮನ್ ಅಧಿಪತಿ ಪಿಲಾತನು ಯೇಸುವನ್ನು ಕೊರಡೆಗಳಿಂದ ಹೊಡೆಸಿದ ಸಂಗತಿಗೆ ಮತ್ತಾಯ, ಮಾರ್ಕ, ಯೊವಾನ್ನ ಮೂವರೂ ಒಂದು ವಾಕ್ಯಕ್ಕಿಂತ ಹೆಚ್ಚು ಜಾಗ ಕೊಟ್ಟಿಲ್ಲ. ಲೂಕನಲ್ಲಿ ‘ಹೊಡೆಸಿ ಬಿಟ್ಟುಬಿಡುತ್ತೇನೆ’ ಎಂಬರ್ಥದ ಪಿಲಾತನ ಮಾತಷ್ಟೇ ಇದೆ. ಎಷ್ಟು ಏಟು, ಎಂಥ ಕೊರಡೆ, ಚರ್ಮ ಹೇಗೆ ಕಿತ್ತುಬಂತು ಎಂಬುದರ ಬಗ್ಗೆ ಒಂದಕ್ಷರವೂ ಇಲ್ಲ. ಆದರೆ ಶಿಷ್ಯ ಪೇತ್ರನು ಬಿಕ್ಕಿ ಬಿಕ್ಕಿ ಅತ್ತದ್ದೂ, ಲೂಕನಲ್ಲಿ ಪಕ್ಕದ ಶಿಲುಬೆಯ ಕಳ್ಳನು ಬೇಡಿಕೊಂಡದ್ದೂ ಶುಭಸಂದೇಶದಲ್ಲಿ ಇದೆ. ಸಿನೆಮಾ ಆ ಒಂದು ವಾಕ್ಯವನ್ನು ನಿಮಿಷಗಟ್ಟಲೆ ಎಳೆಯುತ್ತದೆ. ಅದರಲ್ಲಿನ ಹಲವು ವಿವರಗಳು ಜರ್ಮನಿಯ ಸನ್ಯಾಸಿನಿ ಆನ್ ಕ್ಯಾಥರಿನ್ ಎಮ್ಮೆರಿಕ್ (1774–1824) ಕಂಡರೆನ್ನಲಾದ ದರ್ಶನಗಳಿಂದ ಬಂದವು. ಅವರನ್ನು ‘ಪುನೀತೆ’ (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಎಂದು ಘೋಷಿಸಿದ್ದೂ 2004ರಲ್ಲೇ. ಆದರೆ ಆ ದರ್ಶನಗಳ ಬರಹವನ್ನು ಧರ್ಮಸಭೆ ಆ ನಿರ್ಣಯಕ್ಕೆ ಆಧಾರವಾಗಿ ತೆಗೆದುಕೊಳ್ಳಲಿಲ್ಲ. ಆದ್ದರಿಂದ ಪರದೆಯ ಮೇಲಿನ ಪ್ರತಿಯೊಂದು ಗಾಯವೂ ಬೈಬಲಿನದೆಂದು ನಂಬಿಕೊಂಡು ಮಕ್ಕಳಿಗೂ ಹಾಗೆಯೇ ಹೇಳಿಕೊಡುವುದು ಸರಿಯಲ್ಲ.

ಹಾಗೆಂದು ಯಾತನೆಯನ್ನು ಚಿತ್ರಿಸುವುದೇ ತಪ್ಪೆನ್ನಲಾಗದು. ಶಿಲುಬೆಗೇರಿದ ಕ್ರಿಸ್ತನನ್ನು ನಿಮ್ಮ ಕಣ್ಣೆದುರೇ ಚಿತ್ರಿಸಲಾಗಿತ್ತಲ್ಲವೇ ಎಂದು ಪೌಲನು ಗಲಾತ್ಯದವರನ್ನು ಕೇಳುತ್ತಾನೆ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು, ಕ್ರೈಸ್ತರಲ್ಲದಿದ್ದರೂ, ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಖಂಡಕಾವ್ಯವಾಗಿಸಿದರು. ತಪಸ್ಸುಕಾಲದ ಶುಕ್ರವಾರಗಳಲ್ಲಿ ನಾವು ನಡೆಸುವ ಶಿಲುಬೆಯ ಹಾದಿಯೂ ಚಿತ್ರಗಳ ಮುಂದಿನ ಪ್ರಾರ್ಥನೆಯೇ. ಆದರೆ ಅಲ್ಲಿ ಹದಿನಾಲ್ಕು ಕಡೆ ನಿಲ್ಲುತ್ತೇವೆ, ಮೊಣಕಾಲೂರುತ್ತೇವೆ, ಹಾಡುತ್ತ ಮುಂದೆ ಹೋಗುತ್ತೇವೆ. ನೋಟದ ನಡುವೆ ಉಸಿರಾಡಲು ಜಾಗವಿದೆ. ಕೊರಡೆಯೇಟು ಆ ಹದಿನಾಲ್ಕರಲ್ಲಿ ಇಲ್ಲವೇ ಇಲ್ಲ. ಅದು ಬರುವುದು ಜಪಸರದ ಪ್ರಾರ್ಥನೆಯಲ್ಲಿ ಧ್ಯಾನಿಸುವ ಐದು ದುಃಖದ ರಹಸ್ಯಗಳಲ್ಲಿ ಎರಡನೆಯದಾಗಿ. ಅಲ್ಲಿ ಅದರ ಜೊತೆಗಿರುವುದು ಚಿತ್ರವಲ್ಲ, ಹತ್ತು ಸಲ ಹೇಳುವ ‘ನಮೋ ಮರಿಯಾ’ ಜಪ.

ಸಂತ ಆಗುಸ್ತಿನರು ತಮ್ಮ ಆತ್ಮನಿವೇದನೆಯ ಆರನೆಯ ಭಾಗದಲ್ಲಿ ಗೆಳೆಯ ಅಲಿಪಿಯುಸನ ಕಥೆ ಹೇಳಿದ್ದಾರೆ. ರೋಮಿನಲ್ಲಿ ಸ್ನೇಹಿತರು ಅವನನ್ನು ಕತ್ತಿಕಾಳಗದ ಅಖಾಡಕ್ಕೆ ಎಳೆದುಕೊಂಡು ಹೋಗುತ್ತಾರೆ. ದೇಹ ಮಾತ್ರ ಇಲ್ಲಿರುತ್ತದೆ, ಮನಸ್ಸಲ್ಲ ಎಂದು ಅವನು ಕಣ್ಣು ಮುಚ್ಚಿ ಕೂರುತ್ತಾನೆ. ಒಬ್ಬ ಕೆಳಗೆ ಬಿದ್ದಾಗ ಜನ ಅಬ್ಬರಿಸುತ್ತಾರೆ. ಕುತೂಹಲ ತಡೆಯದೆ ಅವನು ಕಣ್ಣು ತೆರೆಯುತ್ತಾನೆ, ಅಷ್ಟರಿಂದಲೇ ರಕ್ತದ ಅಮಲು ಏರಿ, ಮುಂದೆ ಬೇರೆಯವರನ್ನು ಕರೆದುಕೊಂಡು ಬರುವಷ್ಟರ ಮಟ್ಟಿಗೆ ಬದಲಾಗುತ್ತಾನೆ. ನೋಡುವವನ ಉದ್ದೇಶ ಒಳ್ಳೆಯದಿದ್ದರೆ ಸಾಕೆಂದು ವಾದಿಸುವವರು ಈ ಭಾಗವನ್ನು ಓದಬೇಕು. ಸಿನೆಮಾ ಮುಗಿದ ಮೇಲೆ ಮನೆಯಲ್ಲಿ ನಡೆಯುವ ಮಾತು ಮೇಕಪ್ಪಿನ ಕುರಿತೋ, ಸ್ವಾಮಿಯ ಕುರಿತೋ ಎಂಬುದನ್ನೂ ಗಮನಿಸಿ. ಅದು ‘ಆ ಯೆಹೂದ್ಯರು’ ಎಂಬ ಸಿಟ್ಟಾಗಿ ಹೊರಳಿದರೆ ಇನ್ನೂ ಕೆಟ್ಟದ್ದು. ಕ್ರಿಸ್ತನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನವರ ಮೇಲಾಗಲಿ ಹೊರಿಸಕೂಡದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸ್ಪಷ್ಟಪಡಿಸಿದೆ.

ಇನ್ನು ನಿಮ್ಮ ಅತ್ತೆಯವರ ವಿಷಯ. ‘ಶೋಕಮಾತೆ ಮರಿಯಮ್ಮ ಶಿಲುಬೆಯ ಬುಡದಲ್ಲಿ ನಿಂತಿರಲಿಲ್ಲವೇ’ ಎಂದು, ಶೋಕಮಾತೆಯ ಹೆಸರಿನ ಚರ್ಚಿರುವ ಬೇಳದ ಕಡೆಯವರು ಕೇಳಿಯಾರು. ನಿಂತಿದ್ದರು, ನಿಜ. ಆದರೆ ಅಲ್ಲಿದ್ದದ್ದು ಮಗ; ಅವನನ್ನು ಒಬ್ಬನೇ ಬಿಡಲಾರದೆ ನಿಂತರು. ನಟನ ಮೈಮೇಲಿನ ಬಣ್ಣದಿಂದ ಮುಖ ತಿರುಗಿಸಿದವರಿಗೆ ಆ ಮಾತು ಅನ್ವಯಿಸುವುದಿಲ್ಲ. ಒಬ್ಬರ ಮನಸ್ಸಾಕ್ಷಿಯನ್ನು ಇನ್ನೊಬ್ಬರು ತೀರ್ಪಿಗೆ ಎಳೆಯಬಾರದೆಂದು ರೋಮನರಿಗೆ ಬರೆದ ಪತ್ರದ 14ನೆಯ ಅಧ್ಯಾಯ ಹೇಳುತ್ತದೆ. ಆಡಿಕೊಂಡವರಿಗೆ ಅದನ್ನು ತೋರಿಸಬಹುದು.

ಮಗನಿಗೆ, ಅವನು ಕಂಡದ್ದು ನಟನೆ ಮತ್ತು ಬಣ್ಣ ಎಂದು ಮೊದಲು ಬಿಡಿಸಿ ಹೇಳಿ, ಆಮೇಲೆ ಕಥೆಯನ್ನು ಪುನರುತ್ಥಾನದವರೆಗೂ ನೀವೇ ಹೇಳಿ. ಅರ್ಧ ರಾತ್ರಿಯಲ್ಲಿ ಹೆದರುವ ಮಗುವಿನ ಮಟ್ಟಿಗೆ ಕಥೆ ಶಿಲುಬೆಯಲ್ಲೇ ನಿಂತುಹೋಗಿರುತ್ತದೆ. ಮುಂದಿನ ತಪಸ್ಸುಕಾಲಕ್ಕೆ ಮುಂಚೆಯೇ ವಾಳೆಯ ಮುಖ್ಯಸ್ಥರಾದ ಗುರಿಕಾರರ ಹತ್ತಿರ ಮಾತಾಡಿ, ಮಕ್ಕಳು ಸೇರುವ ಸಂಜೆ ಈ ಸಿನೆಮಾ ಬೇಡವೆಂದೂ, ಹಿರಿಯರಿಗೆ ಹಾಕುವುದಾದರೆ ಏನು ಬರುತ್ತದೆಂದು ಮೊದಲೇ ತಿಳಿಸಿ, ಎದ್ದು ಹೋಗುವವರನ್ನು ತಡೆಯಬಾರದೆಂದೂ ಕೇಳಿಕೊಳ್ಳಿ.